ಏಳು ಗಂಟೆಯ ರುಚಿ ಹತ್ತಕ್ಕಿಲ್ಲ: ನಮ್ಮ ಓಣಿಯ ಟಿಫನ್ ಹೋಟೆಲು, ಎಂಟು ವರ್ಷದ ಗಿರಾಕಿಯ ಅನುಭವ

ಬಳ್ಳಾರಿಯಲ್ಲಿ ನಮ್ಮ ಮನೆಗೆ ಕೂಗಳತೆಯಲ್ಲಿರುವ ಈ ಟಿಫನ್ ಹೋಟೆಲಿಗೆ ನಾನು 2017ರಿಂದ ಹೋಗುತ್ತಿದ್ದೇನೆ. ವಾರಕ್ಕೆ ಮೂರು ದಿನವಾದರೂ ಅಲ್ಲಿಯದೇ ನಾಷ್ಟಾ, ಭಾನುವಾರ ಅಪ್ಪನೂ ಜೊತೆಗೆ ಬರುತ್ತಿದ್ದರು. ಹೋಟೆಲಿನ ಹೆಸರು ಬರೆಯುವುದಿಲ್ಲ. ಆರೇಳು ಜನ ಅದನ್ನು ನಂಬಿಕೊಂಡು ದುಡಿಯುತ್ತಿದ್ದಾರೆ, ಮತ್ತೆ ಮೊದಲಿನಂತಾಗಲಿ ಎಂಬ ಆಸೆಯೂ ನನಗಿದೆ. ಆದರೆ ಕಳೆದ ಎರಡು ವರ್ಷದಲ್ಲಿ ಅಲ್ಲಿ ತಿಂದು ಬೇಸರಪಟ್ಟಷ್ಟು ಬೇರೆಲ್ಲೂ ಪಟ್ಟಿಲ್ಲ.

ಮೊದಲು ಒಗ್ಗರಣೆ-ಮಿರ್ಚಿ. ನಮ್ಮೂರಿನವರಿಗೆ ಇದನ್ನು ವಿವರಿಸಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಮಂಡಾಳನ್ನು (ಮಂಡಕ್ಕಿ) ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೆಯಬೇಕು. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ ಕೈಯಾಡಿಸಿ, ಪುಟಾಣಿ (ಹುರಿಗಡಲೆ) ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿದರೆ ಮುಗಿಯಿತು. ಕಾಳು ಮೆತ್ತಗಾಗಿದ್ದರೂ ಬಿಡಿಬಿಡಿಯಾಗಿರಬೇಕು. ಪಕ್ಕದಲ್ಲಿ ಅಜವಾನ, ಉಪ್ಪು ತುಂಬಿ ಕರಿದ ಎರಡು ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ಮೊದಲೆಲ್ಲ ಈ ಹೋಟೆಲಿನಲ್ಲಿ ಭಟ್ಟರು ಒಂದು ಸಲಕ್ಕೆ ಹತ್ತು ಪ್ಲೇಟಿಗಾಗುವಷ್ಟೇ ಕಲಸುತ್ತಿದ್ದರು. ಅದು ಮುಗಿದ ಮೇಲೆ ಮುಂದಿನದು. ಐದು ನಿಮಿಷ ಕಾಯಬೇಕಾಗುತ್ತಿತ್ತು, ಯಾರೂ ಗೊಣಗುತ್ತಿರಲಿಲ್ಲ.

ಈಗ ಬೆಳಿಗ್ಗೆ ಒಂದೇ ಸಲ ದೊಡ್ಡ ಪಾತ್ರೆ ತುಂಬ ಕಲಸಿ ಮುಚ್ಚಿಡುತ್ತಾರೆ. ಒಂಬತ್ತರ ಹೊತ್ತಿಗೆ ಮಂಡಾಳು ತನ್ನ ಹಬೆಗೇ ಬೆವತು ಮುದ್ದೆಯಾಗಿರುತ್ತದೆ. ಪುಟಾಣಿ ಪುಡಿ ಅಂಟಾಗಿ ನಾಲಿಗೆಗೆ ಮೆತ್ತಿಕೊಳ್ಳುತ್ತದೆ. ನಾನು ಮೊದಲು ತಿಂದಾಗ ಪ್ಲೇಟಿಗೆ 20 ರೂಪಾಯಿ ಇತ್ತು, ಈಗ 45. ಬೆಲೆ ಏರಿದ್ದಕ್ಕೆ ನನ್ನ ತಕರಾರಿಲ್ಲ. ಎಣ್ಣೆ, ಸಿಲಿಂಡರ್, ಕೂಲಿ ಎಲ್ಲವೂ ಏರಿದೆ. ಏಳು ಗಂಟೆಗೆ ಬಂದವನಿಗೂ ಹತ್ತಕ್ಕೆ ಬಂದವನಿಗೂ 45 ರೂಪಾಯಿಯೇ, ಆದರೆ ಸಿಗುವ ತಿಂಡಿ ಒಂದೇ ಅಲ್ಲ. ನನ್ನ ದೂರು ಇದು.

ಇಡ್ಲಿಯ ಕತೆಯೂ ಗಡಿಯಾರದ್ದೇ. ಉದ್ದಿನಹಿಟ್ಟು ಚಳಿಗಾಲದಲ್ಲಿ ಹುದುಗು ಬರಲು ಇಡೀ ರಾತ್ರಿ ಬೇಕು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಐದಾರು ಗಂಟೆ ಸಾಕು. ರಾತ್ರಿ ರುಬ್ಬಿ ಹೊರಗಿಟ್ಟ ಹಿಟ್ಟು ಬೆಳಕು ಹರಿಯುವಷ್ಟರಲ್ಲಿ ಹದಕ್ಕೆ ಬಂದಿರುತ್ತದೆ, ಹತ್ತರ ಹೊತ್ತಿಗೆ ಹುಳಿ ಮೂಗಿಗೇ ಹೊಡೆಯುತ್ತದೆ. ಇದಕ್ಕೆ ಉಪಾಯವಿಲ್ಲವೆಂದಲ್ಲ. ಐಸ್ ನೀರು ಹಾಕಿ ರುಬ್ಬಬಹುದು, ಅರ್ಧ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಬೇಕಾದಾಗ ತೆಗೆಯಬಹುದು. ಇಲ್ಲಿ ಹುಳಿಗೆ ಸೋಡಾ ಸುರಿಯುತ್ತಾರೆ. ಸೋಡಾ ಹೆಚ್ಚಾದ ಇಡ್ಲಿಯ ಗುರುತು ಸುಲಭ: ಬಿಳುಪಿಗೆ ಒಂದಿಷ್ಟು ಹಳದಿ ತಿರುಗಿರುತ್ತದೆ, ತಿಂದ ಮೇಲೆ ಬಾಯಲ್ಲಿ ಸಾಬೂನಿನ ಜಿಗುಟು ಉಳಿಯುತ್ತದೆ.

ಚಟ್ನಿ ನೆನೆದರೆ ಇನ್ನೂ ಸಂಕಟ. ನಾನು ಈ ಹೋಟೆಲಿಗೆ ಅಂಟಿಕೊಂಡಿದ್ದೇ ಅವರ ಶೇಂಗಾ ಚಟ್ನಿಗಾಗಿ. ಹುರಿದ ಶೇಂಗಾ, ಬೆಳ್ಳುಳ್ಳಿ, ಹುಣಸೆ, ಒಣಮೆಣಸಿನಕಾಯಿ. ಇಡ್ಲಿಯ ಮೇಲೆ ಹಾಕಿದರೆ ಹಾಗೇ ಕೂರುತ್ತಿತ್ತು. ಮೊದಲು ಶೇಂಗಾ ಕಡಿಮೆ ಮಾಡಿ ಪುಟಾಣಿ ಸೇರಿಸಿದರು. ಅದನ್ನೂ ಒಪ್ಪಿಕೊಂಡೆ. ಆಮೇಲೆ ನೀರು. ಈಗ ಪ್ಲೇಟಿನ ತುದಿಯಿಂದ ತುದಿಗೆ ಹರಿದು ವಡೆಯನ್ನೂ ನೆನೆಸುವ ಬಿಳಿ ನೀರು ಬರುತ್ತದೆ. ಶೇಂಗಾ ಬೆಳೆಯುವ ಸೀಮೆಯಲ್ಲಿ ಕೂತು ಶೇಂಗಾ ಇಲ್ಲದ ಚಟ್ನಿ ತಿನ್ನುವುದು ನನಗೆ ನಿಜವಾಗಿಯೂ ನೋವು. ಹಳೆಯ ಚಟ್ನಿಗೆ ಬೇರೆ ಐದು ರೂಪಾಯಿ ಕೇಳಲಿ, ಕೊಡುತ್ತೇನೆ.

ಮಿರ್ಚಿ ಕರಿಯುವ ಎಣ್ಣೆಯನ್ನು ಮಾತ್ರ ರುಚಿಯ ಲೆಕ್ಕದಲ್ಲಿ ಬಿಟ್ಟುಬಿಡಲಾಗದು. ಬಾಣಲೆ ಬಾಗಿಲ ಪಕ್ಕದಲ್ಲೇ ಇರುವುದರಿಂದ ನಿತ್ಯ ಕಣ್ಣಿಗೆ ಬೀಳುತ್ತದೆ. ಎಣ್ಣೆ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ, ಹಿಟ್ಟು ಬಿಟ್ಟ ಕೂಡಲೇ ನೊರೆ ಏಳುತ್ತದೆ, ಉರಿ ಸಣ್ಣಗಿದ್ದರೂ ಹೊಗೆಯಾಡುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಲಕ್ಷಣಗಳಿವು. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಂತೆಲ್ಲ ಹೆಚ್ಚುವ ಪದಾರ್ಥಗಳು) ಶೇ. 25 ದಾಟಿದರೆ ಅದನ್ನು ಬಳಸಬಾರದು ಎಂಬ ಆಹಾರ ಸುರಕ್ಷತಾ ನಿಯಮ 2018ರ ಜುಲೈ 1ರಿಂದಲೇ ಜಾರಿಯಲ್ಲಿದೆ. ಅಳೆಯುವ ಯಂತ್ರ ನನ್ನಲ್ಲಿಲ್ಲ, ಹಾಗಾಗಿ ಶೇಕಡಾ ಎಷ್ಟೆಂದು ಹೇಳಲಾರೆ. ಆದರೆ ಎಣ್ಣೆ ಕಡಿಮೆಯಾದಾಗ ಹಳೆಯದರ ಮೇಲೆಯೇ ಹೊಸ ಪಾಕೆಟ್ ಸುರಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗೆ ಮಾಡಿದರೆ ಹಳೆಯದು ಹೊಸದಾಗುವುದಿಲ್ಲ, ಹೊಸದೂ ಕೆಡುತ್ತದೆ. ಸಾಲದ್ದಕ್ಕೆ ಪಾರ್ಸೆಲ್ ಮಿರ್ಚಿಯನ್ನು ಇವತ್ತಿಗೂ ಪೇಪರಿನಲ್ಲೇ ಸುತ್ತಿ ಕೊಡುತ್ತಾರೆ. ಮನೆಗೆ ಬಂದು ಬಿಚ್ಚಿದರೆ ಅಕ್ಷರಗಳು ಬಜ್ಜಿಯ ಮೇಲೆ ಮೂಡಿರುತ್ತವೆ.

ಇದನ್ನು ಬರೆಯಲು ಕೂರಿಸಿದ್ದು ಕಳೆದ ಬೇಸಿಗೆಯ ಒಂದು ಭಾನುವಾರ. ಅಪ್ಪನಿಗೆ 78. ಹಲ್ಲು ಕಡಿಮೆ, ಇಡ್ಲಿಯೇ ಗತಿ. ಅವತ್ತು ಹೊರಡುವುದು ತಡವಾಗಿ ಒಂಬತ್ತೂ ಮುಕ್ಕಾಲಿಗೆ ಹೋದೆವು. ಪಾರ್ಸೆಲ್ ಹುಡುಗರ ಸಾಲು ಗಲ್ಲಾದವರೆಗೆ ಇತ್ತು. ಕೂತವರ ಕಡೆ ಸಪ್ಲೈಯರ್ ತಿರುಗಿ ನೋಡಲು ಇಪ್ಪತ್ತು ನಿಮಿಷ ಹಿಡಿಯಿತು. ಬಂದ ಇಡ್ಲಿ ಹುಳಿ, ಅಂಚು ಒಣಗಿತ್ತು, ಸಾಂಬಾರು ಆರಿತ್ತು. ಅನ್ನ ಚೆಲ್ಲಬಾರದೆಂದು ಬೆಳೆದ ಅಪ್ಪ ಒಂದನ್ನು ನೀರು ಕುಡಿದು ಕುಡಿದು ಮುಗಿಸಿದರು. ಎರಡನೆಯದನ್ನು ಅರ್ಧಕ್ಕೆ ಬಿಟ್ಟು, "ಸಾಕಪ್ಪ, ಹಸಿವಿಲ್ಲ" ಅಂದರು. ಅಪ್ಪ ತಾಟಿನಲ್ಲಿ ತಿಂಡಿ ಬಿಟ್ಟಿದ್ದನ್ನು ನಾನು ನೋಡಿದ್ದೇ ಕಡಿಮೆ.

ದುಡ್ಡು ಕೊಡುವಾಗ ಮಾಲೀಕರಿಗೆ ಮೆಲ್ಲಗೇ ಹೇಳಿದೆ, "ಅಣ್ಣಾ, ಇಡ್ಲಿ ಭಾಳ ಹುಳಿ ಆಗೈತಿ, ಹಿರೇರಿಗೆ ತಿನ್ನಾಕ ಆಗ್ಲಿಲ್ಲ ನೋಡ್ರಿ."

"ಬೆಳಗ್ಗಿಂದ ಇನ್ನೂರು ಪ್ಲೇಟ್ ಹೋಗ್ಯಾವ್ರೀ ಸಾರ್, ಯಾರೂ ಏನೂ ಅಂದಿಲ್ಲ."

ಅಷ್ಟು ಹೇಳಿ ಅವರು ಮೊಬೈಲಿನಲ್ಲಿ ಬಂದ ಆರ್ಡರ್ ಕಡೆ ತಿರುಗಿದರು. ಗೋಡೆ ಪಕ್ಕದ ಟೇಬಲಿನಲ್ಲಿ ವರ್ಷಗಟ್ಟಲೆ ದಿನಾ ಕೂರುತ್ತಿದ್ದ ನಿವೃತ್ತ ಮೇಷ್ಟ್ರಿಬ್ಬರು ಈಗ ಬರುತ್ತಿಲ್ಲ. ಅವರೂ ಏನೂ ಅಂದಿರಲಿಕ್ಕಿಲ್ಲ. ಇದೇ ಮನುಷ್ಯ ಲಾಕ್‌ಡೌನ್ ಹೊತ್ತಿನಲ್ಲಿ ಅಪ್ಪನಿಗೆಂದು ಮನೆ ಬಾಗಿಲಿಗೆ ಇಡ್ಲಿ ತಂದುಕೊಟ್ಟಿದ್ದರು, ಒಂದು ರೂಪಾಯಿ ಹೆಚ್ಚು ಕೇಳಿರಲಿಲ್ಲ. ಅದು ನೆನಪಿದ್ದದ್ದರಿಂದಲೇ ಅವತ್ತು ಸಿಟ್ಟಿಗಿಂತ ದುಃಖ ಹೆಚ್ಚಾಯಿತು.

ಹೊಸದಾಗಿ ಹೋಗುವವರಿಗೆ ನನ್ನ ಸಲಹೆ: ಏಳೂವರೆಯೊಳಗೆ ಹೋಗಿ. ಆಗ ಇಡ್ಲಿ ಇವತ್ತಿಗೂ ಹೂವಿನಂತಿರುತ್ತದೆ, ಮಂಡಾಳೂ ಬಿಡಿಯಾಗಿರುತ್ತದೆ. ಕಾಫಿ ಯಾವ ಹೊತ್ತಿಗೂ ಚೆನ್ನಾಗಿದೆ. ಟೇಬಲ್, ಲೋಟ ಸ್ವಚ್ಛ. ಎಂಟರ ನಂತರವಾದರೆ ದೋಸೆ ಪರವಾಗಿಲ್ಲ, ಹಂಚಿನ ಬಿಸಿಗೆ ಹುಳಿ ಅಷ್ಟು ಗೊತ್ತಾಗುವುದಿಲ್ಲ. ಮಿರ್ಚಿ ಮಾತ್ರ ಯಾವ ಹೊತ್ತಿಗೂ ಬೇಡ. ಐದರಲ್ಲಿ ಎರಡು ಸ್ಟಾರ್ ಕೊಡುತ್ತೇನೆ. 2019ರಲ್ಲಿ ಕೇಳಿದ್ದರೆ ಐದೂ ಕೊಡುತ್ತಿದ್ದೆ.

ಈಗ ಭಾನುವಾರ ಆರೂಮುಕ್ಕಾಲಿಗೆ ನಾನೊಬ್ಬನೇ ಸ್ಟೀಲ್ ಡಬ್ಬಿ ಹಿಡಿದು ಹೋಗುತ್ತೇನೆ. ಮೊದಲ ತಟ್ಟೆ ಇಳಿಸಿದ ಕೂಡಲೇ ನಾಲ್ಕು ಇಡ್ಲಿ ಹಾಕಿಸಿಕೊಂಡು ಬರುತ್ತೇನೆ. ಅಷ್ಟರಲ್ಲಿ ಮನೆಯಲ್ಲಿ ಹೆಂಡತಿ ಶೇಂಗಾ ಹುರಿದಿರುತ್ತಾಳೆ.