ಲೈಕ್‌ಗಳ ಲೆಕ್ಕ ಕಾಣದಿದ್ದರೆ: ಇನ್‌ಸ್ಟಾಗ್ರಾಂನ ಒಂದು ಸೌಲಭ್ಯದ ವಿಮರ್ಶೆ

ಲೈಕ್‌ಗಳ ಸಂಖ್ಯೆಯನ್ನು ಮರೆಮಾಡುವ ಆಯ್ಕೆ ಇನ್‌ಸ್ಟಾಗ್ರಾಂನ ಎಲ್ಲ ಬಳಕೆದಾರರಿಗೂ ದೊರೆತದ್ದು 2021ರ ಮೇ ತಿಂಗಳಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಕೆನಡಾದಲ್ಲಿ ಇದರ ಪ್ರಯೋಗ ಆರಂಭವಾಗಿತ್ತು. ಕೆಲವು ತಿಂಗಳಲ್ಲಿ ಬ್ರೆಜಿಲ್, ಜಪಾನ್, ಇಟಲಿ, ಆಸ್ಟ್ರೇಲಿಯಾ ಮೊದಲಾದ ದೇಶಗಳಿಗೂ ಅದು ವಿಸ್ತರಿಸಿತು. ನೋಡುವವರ ಗಮನ ಎಣಿಕೆಯನ್ನು ಬಿಟ್ಟು ಚಿತ್ರದ ಮೇಲೆ ನಿಲ್ಲಲಿ ಎಂಬುದು ಆಗ ಸಂಸ್ಥೆ ಕೊಟ್ಟ ಕಾರಣ. ಸೌಲಭ್ಯ ಹಳೆಯದಾದರೂ ಅದನ್ನು ಸರಿಯಾಗಿ ತೂಗಿ ನೋಡಿದ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ. ನಾಲ್ಕು ಜನ ಏನಂದುಕೊಂಡಾರು ಎಂಬ ಅಳುಕನ್ನು ಇದು ನಿಜಕ್ಕೂ ತಗ್ಗಿಸುತ್ತದೆಯೇ ಎಂಬ ಒಂದೇ ಪ್ರಶ್ನೆಯನ್ನಿಟ್ಟುಕೊಂಡು ನಾನು ಇದನ್ನು ಬಳಸುತ್ತ ಬಂದಿದ್ದೇನೆ.

ಇದರಲ್ಲಿ ಎರಡು ಭಾಗಗಳಿವೆ. ಇತರರ ಪೋಸ್ಟ್‌ಗಳಿಗೆ ಬಂದ ಲೈಕ್‌ಗಳ ಸಂಖ್ಯೆ ನಮಗೆ ಕಾಣದಂತೆ ಮಾಡಿಕೊಳ್ಳುವುದು ಒಂದು, ನಮ್ಮ ಪೋಸ್ಟ್‌ಗೆ ಬಂದ ಸಂಖ್ಯೆ ಇತರರಿಗೆ ಕಾಣದಂತೆ ಮಾಡುವುದು ಇನ್ನೊಂದು. ಮೊದಲನೆಯದನ್ನು ಸೆಟ್ಟಿಂಗ್ಸ್‌ನ ಒಳಗೆ ಹುಡುಕಬೇಕು. ಎರಡನೆಯದನ್ನು ಪೋಸ್ಟ್ ಹಾಕುವಾಗ, ಇಲ್ಲವೇ ಹಾಕಿದ ಮೇಲೆ ಮೂಲೆಯ ಮೂರು ಚುಕ್ಕಿಗಳನ್ನು ಒತ್ತಿ ಆರಿಸಿಕೊಳ್ಳಬಹುದು. ಎರಡೂ ಒಂದೇ ಹೆಸರಿನಡಿ ಬಂದಿವೆಯಾದರೂ ಅವುಗಳ ಪರಿಣಾಮದಲ್ಲಿ ಅಜಗಜಾಂತರವಿದೆ.

ಮೊದಲ ಭಾಗಕ್ಕೆ ನನ್ನ ಪೂರ್ಣ ಅಂಕಗಳು. ಸಂಖ್ಯೆ ಮಾಯವಾದ ಮೇಲೆ ಒಂದು ಚಿತ್ರದ ಮುಂದೆ ಹೆಬ್ಬೆರಳು ತಡೆಯುವುದನ್ನು ಗಮನಿಸಬಹುದು: ಇದು ನನಗೆ ಹಿಡಿಸಿತೇ, ಇಲ್ಲವೇ ಎಂದು ನಾವೇ ತೀರ್ಮಾನಿಸಬೇಕಾಗುತ್ತದೆ. ಸಾವಿರಾರು ಜನ ಮೆಚ್ಚಿದ್ದಾರೆಂದು ಗೊತ್ತಾದಾಗ ಆ ಪ್ರಶ್ನೆಯೇ ಏಳುವುದಿಲ್ಲ, ಗುಂಪಿನಲ್ಲಿ ಗೋವಿಂದ ಎಂದು ಮುಂದೆ ಸಾಗುತ್ತೇವೆ. ಇದು ಬರಿಯ ಅನಿಸಿಕೆಯಲ್ಲ. 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು, ಹೆಸರು ಕೇಳಿರದ ತಂಡಗಳ 48 ಹಾಡುಗಳನ್ನು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮುಂದಿಟ್ಟಿದ್ದರು. ಕೆಲವರಿಗೆ ಹಾಡುಗಳಷ್ಟೇ ಕಂಡವು; ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಾಗಿ ಹಂಚಿ, ತಮ್ಮ ಗುಂಪಿನವರು ಯಾವ ಹಾಡನ್ನು ಎಷ್ಟು ಬಾರಿ ಇಳಿಸಿಕೊಂಡಿದ್ದಾರೆಂಬ ಸಂಖ್ಯೆಯನ್ನೂ ತೋರಿಸಲಾಯಿತು. ಸಂಖ್ಯೆ ಕಂಡ ಕಡೆಯಲ್ಲೆಲ್ಲ ಜನಪ್ರಿಯ ಹಾಡು ಇನ್ನಷ್ಟು ಜನಪ್ರಿಯವಾಯಿತು, ಉಳಿದವು ಹಿಂದೆ ಬಿದ್ದವು. ಕುತೂಹಲದ ಸಂಗತಿಯೆಂದರೆ, ಯಾವ ಹಾಡು ಗೆಲ್ಲುತ್ತದೆ ಎಂಬುದು ಗುಂಪಿನಿಂದ ಗುಂಪಿಗೆ ಬದಲಾಗುತ್ತಿತ್ತು. ತೀರಾ ಒಳ್ಳೆಯ ಹಾಡು ಸೋಲುವುದು ಅಪರೂಪ, ತೀರಾ ಕಳಪೆಯದು ಗೆಲ್ಲುವುದೂ ಅಪರೂಪ. ಆದರೆ ನಡುವಿನ ಹಾಡುಗಳ ಹಣೆಬರಹವನ್ನು ಮೊದಲು ಬಂದವರ ಆಯ್ಕೆಯೇ ಬಹುಮಟ್ಟಿಗೆ ಬರೆದಿತ್ತು. ನಾವು ಲೋಕಾಭಿಪ್ರಾಯ ಎಂದು ತಲೆಬಾಗುವುದು ಎಷ್ಟೋ ಸಲ ಯಾರೋ ಕೆಲವರ ಆರಂಭದ ಒಲವಿಗೆ ಎಂಬುದನ್ನು ಯೋಚಿಸಿದರೆ, ಆ ಅಂಕಿಯನ್ನು ಕಣ್ಣಿನಿಂದ ದೂರವಿಡುವ ಒಂದು ಗುಂಡಿ ಸಣ್ಣ ಉಪಕಾರವೇನಲ್ಲ.

ಎರಡನೆಯ ಭಾಗದ ಬಗ್ಗೆ ಅಷ್ಟು ಉದಾರವಾಗಿ ಹೇಳಲಾರೆ. ನಮ್ಮ ಪೋಸ್ಟ್‌ನ ಸಂಖ್ಯೆ ಇತರರಿಗೆ ಕಾಣದಿದ್ದರೂ ನಮಗೆ ಕಾಣುತ್ತದೆ. ಲೈಕ್ ಮಾಡಿದವರ ಪಟ್ಟಿಯನ್ನು ತೆರೆದರೆ ಲೆಕ್ಕ ಅಲ್ಲೇ ಇದೆ. ಒಪ್ಪಿಗೆಗಾಗಿ ಹಂಬಲಿಸುವವರಿಗೆ ಔಷಧಿ ಬೇಕಾದದ್ದು ಅಲ್ಲಿಯೇ, ಮತ್ತು ಅಲ್ಲಿಯೇ ಅದು ಕೈಕೊಡುತ್ತದೆ. ಇದರ ಜೊತೆಗೆ, ಎಲ್ಲರ ಪೋಸ್ಟ್‌ಗಳಲ್ಲಿ ಸಂಖ್ಯೆ ಇದ್ದು ಒಬ್ಬರದರಲ್ಲಿ ಮಾತ್ರ ಇಲ್ಲದಿದ್ದರೆ, ಕಡಿಮೆ ಬಂದಿರಬೇಕು, ಅದಕ್ಕೇ ಮುಚ್ಚಿಟ್ಟಿದ್ದಾರೆ ಎಂದು ಭಾವಿಸುವವರಿಗೇನೂ ಕೊರತೆಯಿಲ್ಲ. ಗುಂಪಿನಿಂದ ಬಿಡುಗಡೆ ಕೊಡಬೇಕಾದ ಆಯ್ಕೆಯನ್ನು ಬಳಸುವುದಕ್ಕೇ ಗುಂಪಿಗೆ ಹೆದರದ ಮನಸ್ಸು ಬೇಕು ಎಂಬುದು ವಿನ್ಯಾಸದ ಸೋಲಲ್ಲದೆ ಮತ್ತೇನು? ಮರೆಮಾಡಿದ ಸ್ಥಿತಿಯನ್ನೇ ಎಲ್ಲರಿಗೂ ಮೂಲ ವ್ಯವಸ್ಥೆಯಾಗಿ ಕೊಟ್ಟು, ಬೇಕಾದವರು ತೆರೆದುಕೊಳ್ಳಲಿ ಎಂದಿದ್ದರೆ ಈ ತೊಡಕು ಹುಟ್ಟುತ್ತಲೇ ಇರಲಿಲ್ಲ. ಸಂಖ್ಯೆ ಇಲ್ಲದಿರುವುದು ಕೆಲವರಿಗೆ ಹಿತವೆನಿಸಿತು, ಯಾವುದು ಚಾಲ್ತಿಯಲ್ಲಿದೆ ಎಂದು ತಿಳಿಯಲು ಅದನ್ನೇ ನೆಚ್ಚಿದ್ದವರಿಗೆ ಕಿರಿಕಿರಿಯಾಯಿತು, ಹೀಗಾಗಿ ಆಯ್ಕೆಯನ್ನು ಬಳಕೆದಾರರಿಗೇ ಬಿಟ್ಟೆವು ಎಂದು ಸಂಸ್ಥೆ ಹೇಳಿತ್ತು. ಅದೇ 2021ರ ನವೆಂಬರ್‌ನಲ್ಲಿ ಯೂಟ್ಯೂಬ್ ಡಿಸ್‌ಲೈಕ್‌ಗಳ ಸಂಖ್ಯೆಯನ್ನು ಸಾರ್ವಜನಿಕರ ಕಣ್ಣಿನಿಂದ ತೆಗೆದಾಗ ಯಾರ ಇಷ್ಟವನ್ನೂ ಕೇಳಲಿಲ್ಲ. ಅದಕ್ಕೆ ಸಾಕಷ್ಟು ಟೀಕೆ ಬಂದರೂ, ಮುಚ್ಚಿಟ್ಟವರು ಯಾರು ಎಂಬ ಅನುಮಾನಕ್ಕೆ ಅಲ್ಲಿ ಆಸ್ಪದವಿರಲಿಲ್ಲ.

ಮರೆಯಾಗದೆ ಉಳಿಯುವ ಇನ್ನೊಂದು ಸಂಗತಿಯಿದೆ. ಸಂಖ್ಯೆ ಹೋದರೂ, ಪರಿಚಿತರೊಬ್ಬರ ಹೆಸರು ಮತ್ತು 'ಇತರರು' ಎಂಬ ಸಾಲು ಚಿತ್ರದ ಕೆಳಗೆ ಕಾಣಿಸಿಕೊಳ್ಳುತ್ತದೆ. ಇದನ್ನು ದೋಷವೆಂದು ಎಣಿಸಲು ಹೊರಟ ನನಗೆ ಸಾಲೊಮನ್ ಆ್ಯಶ್ ಅವರ ಪ್ರಯೋಗಗಳು ನೆನಪಾದವು. 1950ರ ದಶಕದಲ್ಲಿ ಈ ಮನೋವಿಜ್ಞಾನಿ ಒಂದು ಗೆರೆಯನ್ನು ತೋರಿಸಿ, ಮೂರು ಗೆರೆಗಳಲ್ಲಿ ಅದಕ್ಕೆ ಸಮನಾದದ್ದು ಯಾವುದೆಂದು ಕೇಳುತ್ತಿದ್ದರು. ಒಂಟಿಯಾಗಿ ಉತ್ತರಿಸುವಾಗ ತಪ್ಪು ಮಾಡುವವರೇ ಇಲ್ಲವೆನ್ನುವಷ್ಟು ಸುಲಭದ ಪ್ರಶ್ನೆ ಅದು. ಆದರೆ ಮೊದಲೇ ಹೇಳಿಕೊಟ್ಟಿದ್ದ ಉಳಿದವರೆಲ್ಲ ಒಕ್ಕೊರಲಿನಿಂದ ತಪ್ಪು ಗೆರೆಯನ್ನು ತೋರಿಸಿದಾಗ, ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಉತ್ತರಗಳು ಗುಂಪಿನ ಕಡೆಗೆ ವಾಲಿದವು. ಕಾಲು ಭಾಗದಷ್ಟು ಜನ ಒಮ್ಮೆಯೂ ಬಗ್ಗಲಿಲ್ಲ ಎಂಬುದನ್ನು ಹೇಳುವವರು ಕಡಿಮೆ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಕೊಟ್ಟರೂ ಸಾಕು, ಈ ವಾಲುವಿಕೆ ಮೊದಲಿನ ಕಾಲು ಭಾಗದಷ್ಟಕ್ಕೆ ಇಳಿಯುತ್ತಿತ್ತು. ಅಂದಮೇಲೆ, ಎಲ್ಲರಂತಲ್ಲದ ಮಾತೊಂದನ್ನು ಬರೆದು ಹಾಕಿದವರಿಗೆ ಆಸರೆಯಾಗುವುದು ಅಂಕಿಯ ಮರೆಯಲ್ಲ, ಕೆಳಗೆ ಕಾಣುವ ಆ ಒಂದು ಹೆಸರು. ಈ ಸಾಲನ್ನು ಸಂಸ್ಥೆ ಉಳಿಸಿದ್ದು ಬೇರೆ ಲೆಕ್ಕಾಚಾರದಿಂದಲೇ ಇರಬಹುದು. ಆದರೂ ಈ ಸೌಲಭ್ಯದಲ್ಲಿ ಬೇಡವೆನ್ನಲಾಗದ ಅಂಶ ಅದೇ.

ಕೊರತೆಗಳಲ್ಲಿ ಮುಖ್ಯವಾದದ್ದು, ಅಂಕಿ ಕಣ್ಣಿಗೆ ಕಾಣದಿದ್ದರೂ ತೆರೆಯ ಹಿಂದೆ ಅದರ ಕೆಲಸ ನಡೆದೇ ಇರುತ್ತದೆ ಎಂಬುದು. ಯಾವ ಪೋಸ್ಟ್ ಯಾರ ಮುಂದೆ ಬರಬೇಕೆಂದು ನಿರ್ಧರಿಸುವ ಸೂಚನೆಗಳಲ್ಲಿ ಲೈಕ್ ಕೂಡ ಒಂದು. ಬಹುಜನರ ರುಚಿಗೆ ಹೊಂದದ ಚಿತ್ರ ನಮ್ಮವರೆಗೆ ಬರದೆಯೇ ಹೋದರೆ, ಅದನ್ನು ಸ್ವತಂತ್ರವಾಗಿ ಮೆಚ್ಚುವ ಅವಕಾಶ ಎಲ್ಲಿಂದ ಬರಬೇಕು?

ಹೀಗಾಗಿ ನನ್ನ ಶಿಫಾರಸು ಅರ್ಧ ಸೌಲಭ್ಯಕ್ಕೆ ಮಾತ್ರ. ಇತರರ ಸಂಖ್ಯೆಯನ್ನು ಮರೆಮಾಡುವ ಆಯ್ಕೆಯನ್ನು ಪ್ರತಿಯೊಬ್ಬರೂ, ಅದರಲ್ಲೂ ಚಿತ್ರ ತೆಗೆಯುವವರು, ಬರೆಯುವವರು, ತಮ್ಮ ರುಚಿಯನ್ನು ಇನ್ನೂ ರೂಪಿಸಿಕೊಳ್ಳುತ್ತಿರುವ ಹರೆಯದವರು ಇಟ್ಟುಕೊಳ್ಳುವುದು ಒಳ್ಳೆಯದು. ಸ್ವಂತ ಪೋಸ್ಟ್‌ಗಳ ಸಂಖ್ಯೆಯನ್ನು ಮುಚ್ಚುವ ಗುಂಡಿಯನ್ನು ನಾನು ಈಗ ಬಳಸುತ್ತಿಲ್ಲ. ಮಾಲೀಕರಿಗೂ ಲೆಕ್ಕ ಕಾಣದ ಮೂರನೆಯ ಆಯ್ಕೆ ಬಂದರೆ ಮತ್ತೆ ಯೋಚಿಸುತ್ತೇನೆ.