ರೆಕ್ಕೆಯ ಸಂದಿಗೆ ಬಟ್ಟೆ ಟೇಪ್: ಕೆಲವು ಮಳೆಗಾಲ ಕಳೆದ ಮೇಲೆ

ಬೆಂಗಳೂರಿನ ಜಕ್ಕೂರಿನಲ್ಲಿ ಗೆಳೆಯರು ಸೇರಿ ಕಟ್ಟಿದ ನಮ್ಮ ಎರಡು ಸೀಟಿನ ವಿಮಾನಕ್ಕೆ ಗ್ಲೈಡರ್‌ನವರು (ಎಂಜಿನ್ ಇಲ್ಲದ ವಿಮಾನ ಹಾರಿಸುವವರು) ಬಳಸುವ ಬಿಳಿ ಬಟ್ಟೆ ಟೇಪ್ ಹಾಕಿದ್ದೇವೆ. ಐಲರಾನ್ (ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಹಲಗೆ) ಮತ್ತು ರೆಕ್ಕೆ ನಡುವಿನ ಸಂದು ಮುಚ್ಚಲು. ಸ್ಪೀಡ್ ಜಾಸ್ತಿ ಆಗುತ್ತೆ ಅಂತ ಇದನ್ನು ಕೊಳ್ಳಬೇಡಿ, ನಮಗೆ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಕಂಟ್ರೋಲ್ ಬಹಳ ಸುಧಾರಿಸಿತು. ಹಾರುವಾಗ ರೆಕ್ಕೆಯ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ಸಂದು ಇದ್ದರೆ ಗಾಳಿ ಅಲ್ಲಿಂದಲೇ ಮೇಲಕ್ಕೆ ನುಗ್ಗಿ ಐಲರಾನ್‌ನ ಬಲ ಕುಗ್ಗಿಸುತ್ತದೆ. ಈಗ ಇಳಿಯುವಾಗ, ವೇಗ ಕಡಿಮೆ ಇದ್ದಾಗಲೂ, ಸ್ಟಿಕ್ ಅಲುಗಿಸಿದ ತಕ್ಷಣ ರೆಕ್ಕೆ ಮಾತು ಕೇಳುತ್ತದೆ. ಅಡ್ಡಗಾಳಿ ಇರುವ ದಿನ ಇದರ ಬೆಲೆ ಗೊತ್ತಾಗುತ್ತದೆ.

ಅಂಟಿಸುವ ಕ್ರಮವೇ ಮುಖ್ಯ. ನಾವು ರೆಕ್ಕೆಯ ಕೆಳಮೈಗೆ ಮಾತ್ರ ಹಾಕಿದ್ದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಚೆನ್ನಾಗಿ ಒರೆಸಿ, ಐಲರಾನ್ ಪೂರ್ತಿ ಮೇಲೆತ್ತಿ ಹಿಡಿದು ಅಂಟಿಸಬೇಕು. ಆಗ ಕೆಳಗಿನ ಸಂದು ಅತಿ ಅಗಲ ಇರುತ್ತದೆ. ಸುಮ್ನೆ ನೇರವಾಗಿಟ್ಟು ಅಂಟಿಸಿದರೆ ಮೇಲೆತ್ತುವಾಗ ಟೇಪ್ ಎಳೆದು ಹಿಡಿಯುತ್ತದೆ. ಸಂದಿನ ಎದುರು ಬರುವ ಅಂಟಿನ ಮೇಲೆ ಅದೇ ಟೇಪಿನ ಕಿರಿದಾದ ಪಟ್ಟಿಯನ್ನು ಅಂಟಿಗೆ ಅಂಟು ತಾಗುವಂತೆ ಒತ್ತಿ. ಇಲ್ಲದಿದ್ದರೆ ನಮ್ಮೂರಿನ ಧೂಳೆಲ್ಲ ಅಲ್ಲೇ ಕೂರುತ್ತದೆ.

ನೀರು ಇಳಿಯುವ ತೂತುಗಳನ್ನು ದಯವಿಟ್ಟು ಮುಚ್ಚಬೇಡಿ. ಐಲರಾನ್ ಒಳಗೆ ನೀರು ನಿಂತರೆ ಹಿಂಜ್‌ನ ಹಿಂದೆ ಭಾರ ಹೆಚ್ಚಿ, ತೂಕದ ಸಮತೋಲ ಕೆಟ್ಟು, ಫ್ಲಟರ್ (ಹಾರುವಾಗ ತಾನಾಗಿ ಜೋರಾಗುತ್ತ ಹೋಗುವ ನಡುಕ) ಬರುವ ಅಪಾಯವಿದೆ. ಸ್ಲಾಟೆಡ್ ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದೆ ಕೆಳಗೆ ಬಾಗಿಸುವ, ಮುಂದೆ ಸಂದು ಬಿಟ್ಟ ಹಲಗೆ) ಇದ್ದರೆ ಅಲ್ಲಿ ಟೇಪೇ ಬೇಡ. ಆ ಸಂದು ಬೇಕಂತಲೇ ಬಿಟ್ಟದ್ದು. ಅಲ್ಲಿಂದ ಬರುವ ಗಾಳಿಯೇ ಫ್ಲ್ಯಾಪ್ ಮೇಲಿನ ಹರಿವನ್ನು ಹಿಡಿದಿಡುತ್ತದೆ. ಮುಚ್ಚಿದರೆ ಸ್ಟಾಲ್ ವೇಗ (ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ವೇಗ) ಏರಬಹುದು. ಫ್ರೀಸ್ ಐಲರಾನ್ (ಮೇಲೆತ್ತಿದಾಗ ಅದರ ಮುಂದಿನ ಅಂಚು ರೆಕ್ಕೆಯ ಕೆಳಗೆ ಇಣುಕುವಂಥದ್ದು) ಇರುವವರೂ ಡಿಸೈನರ್‌ನ ಕೇಳದೆ ಕೈ ಹಾಕಬೇಡಿ.

ಬಾಳಿಕೆ? ಮಳೆಗೆ ಜಗ್ಗಲಿಲ್ಲ. ಏಪ್ರಿಲ್ ಬಿಸಿಲಿಗೆ ಜಗ್ಗಿತು. ತಗಡಿನ ಹ್ಯಾಂಗರ್ ಕಾದಾಗ ಅಂಟು ಅಂಚಿನಿಂದ ಒಸರಿ ಕಪ್ಪು ಗೆರೆ ಕಟ್ಟಿತು, ಟೇಪಿನ ಮುಂದಿನ ಅಂಚು ಅಲ್ಲಲ್ಲಿ ಎದ್ದಿತು. ಹಾಗಾಗಿ ಪ್ರತಿ ಹಾರಾಟಕ್ಕೂ ಮುಂಚೆ ಅಂಚಿನುದ್ದಕ್ಕೂ ಉಗುರು ಆಡಿಸಿ ನೋಡುತ್ತೇವೆ. ಕೀಳುವಾಗ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಇಲ್ಲವೆಂದರೆ ಪೇಂಟ್ ಕಿತ್ತು ಬರುತ್ತದೆ.

ರೆಕ್ಕೆ ವಿಮಾನದ ಮೈಗೆ ಕೂಡುವ ಜಾಗಕ್ಕೆ ಮಾತ್ರ ಈ ಟೇಪ್ ಸಾಲದು. ಮೊದಲು ಹಾಕಿದ ಸ್ಪಂಜಿನ ಪಟ್ಟಿ ನೀರು ಕುಡಿದು ಕೊಳೆಯಿತು. ಈಗ ಜೆ.ಸಿ. ರಸ್ತೆಯಿಂದ ತಂದ, ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಇದೆ. ಕಾಕ್‌ಪಿಟ್‌ಗೆ ಗಾಳಿ ನುಗ್ಗುವುದು ನಿಂತಿದೆ. ಐಲರಾನ್‌ಗಂತೂ ಮುಂದಿನ ಸಲವೂ ಇದೇ ಟೇಪ್ ತರಿಸುತ್ತೇವೆ, ಬೇಸಿಗೆ ಕಳೆದ ಮೇಲೆ.