ಸೆಕೆಂಡ್ ಹ್ಯಾಂಡ್ ಐಷಾರಾಮಿ ಫೋರ್ ವೀಲ್ ಡ್ರೈವ್: ಆರು ವರ್ಷ, 78 ಸಾವಿರ ಕಿಲೋಮೀಟರ್, ಒಂದು ಗೇರ್‌ಬಾಕ್ಸ್

ದಾವಣಗೆರೆಯಲ್ಲಿ ನನ್ನದು ಮೆಕ್ಕೆಜೋಳದ ವ್ಯಾಪಾರ. ಸುಗ್ಗಿ ಬಂತೆಂದರೆ ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಿಗೆ ದಿನಾ ಓಡಾಟ. ಎರೆಮಣ್ಣಿನ ದಾರಿಗೆ ಒಂದು ಮಳೆ ಬಿದ್ದರೆ ಸಾಕು, ಸಣ್ಣ ಕಾರು ಅಲ್ಲೇ ಕೂತುಬಿಡುತ್ತದೆ. ತಿಂಗಳಿಗೆ ಎರಡು ಸಲ ಬೆಂಗಳೂರಿಗೂ ಹೋಗಬೇಕು, ಹೋಗುತ್ತಾ 260 ಕಿಲೋಮೀಟರ್, ಬರುತ್ತಾ ಅಷ್ಟೇ. ಬೆನ್ನು ನೋವು ಬೇರೆ ಇತ್ತು. ಹಾಗಾಗಿ 2019ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಒಂದು ಹಳೇ ಐಷಾರಾಮಿ ಎಸ್‌ಯುವಿ ತಂದೆ. 2014ರ ಮಾಡೆಲ್, 3 ಲೀಟರ್ ಡೀಸೆಲ್, 8 ಗೇರಿನ ಆಟೋಮ್ಯಾಟಿಕ್, ಓಡಿದ್ದು 68,000. ಕೊಟ್ಟದ್ದು 24 ಲಕ್ಷ. ಈಗ ಮೀಟರ್ 1,46,000 ತೋರಿಸುತ್ತಿದೆ.

ಕಂಪನಿ ಹೆಸರು ಬರೆಯುವುದಿಲ್ಲ. ನಾನು ಹೇಳುವ ಗೇರ್‌ಬಾಕ್ಸ್ ತೊಂದರೆ ಯಾವುದೋ ಒಂದು ಕಂಪನಿಗೆ ಅಂಟಿದ್ದೂ ಅಲ್ಲ. ಎಷ್ಟೋ ಕಂಪನಿಗಳು ಗೇರ್‌ಬಾಕ್ಸನ್ನು ತಾವೇ ಮಾಡುವುದಿಲ್ಲ, ಹೊರಗಿನಿಂದ ಕೊಳ್ಳುತ್ತವೆ. ಜರ್ಮನಿಯ ಝಡ್‌ಎಫ್ ಮಾಡಿದ ಗೇರ್‌ಬಾಕ್ಸ್ ಬಿಎಂಡಬ್ಲ್ಯೂನಲ್ಲೂ ಇದೆ, ಲ್ಯಾಂಡ್ ರೋವರ್‌ನಲ್ಲೂ ಇದೆ, ಆಡಿಯಲ್ಲೂ ಇದೆ. ಮರ್ಸಿಡಿಸ್ ತನ್ನದನ್ನು ತಾನೇ ಮಾಡುತ್ತದೆ. ಬಾನೆಟ್ ಮೇಲಿನ ಚಿಹ್ನೆ ಯಾವುದೇ ಇರಲಿ, ಹಳೇ ಗಾಡಿ ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದ್ದೀರಿ, ಬಿಲ್ ತೋರಿಸಿ. ನಾನು ಅದನ್ನು ಕೇಳಲಿಲ್ಲ. ಸೀಟು ನೋಡಿದೆ, ಸನ್‌ರೂಫ್ ನೋಡಿದೆ, ಟಚ್‌ಸ್ಕ್ರೀನ್ ನೋಡಿದೆ, ದುಡ್ಡು ಕೊಟ್ಟೆ.

ಮೊದಲ ಭಯ ಲಾಕ್‌ಡೌನ್ ಮುಗಿದಾಗ ಬಂತು. ಗಾಡಿ ಎರಡು ತಿಂಗಳು ಮನೆ ಮುಂದೆ ನಿಂತಿತ್ತು. ಸ್ಟಾರ್ಟ್ ಮಾಡಿದ್ದೇ ತಡ, ಪರದೆ ಮೇಲೆ ಗೇರ್‌ಬಾಕ್ಸ್ ದೋಷ ಅಂತ ಹಳದಿ ಅಕ್ಷರ. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಕೊನೆಗೆ ನೋಡಿದರೆ ಬ್ಯಾಟರಿ ಸೋತಿತ್ತು, ಅಷ್ಟೇ. ಈ ಗಾಡಿಗಳಲ್ಲಿ ಗೇರ್ ಬದಲಾಯಿಸುವುದು ಎಲೆಕ್ಟ್ರಾನಿಕ್ ಮೆದುಳು. ವೋಲ್ಟೇಜ್ ಕುಸಿದರೆ ಅದಕ್ಕೆ ಗೊಂದಲವಾಗಿ ಸುಳ್ಳು ದೂರು ಹೇಳುತ್ತದೆ. 18,000 ರೂಪಾಯಿಯ ಹೊಸ ಬ್ಯಾಟರಿ ಹಾಕಿದ ಮೇಲೆ ಅಕ್ಷರ ಹೋಯಿತು. ಗೇರ್‌ಬಾಕ್ಸ್ ದೀಪ ಬಂದರೆ ಮೊದಲು ಬ್ಯಾಟರಿ ಪರೀಕ್ಷೆ ಮಾಡಿಸಿ.

ನಿಜವಾದ ಕಾಯಿಲೆ ಅದೇ ವರ್ಷ ನವೆಂಬರ್‌ನಲ್ಲಿ ಶುರುವಾಯಿತು. ಹದಡಿ ರಸ್ತೆಯಲ್ಲಿ 55ರ ವೇಗದಲ್ಲಿ ಆರಾಮಾಗಿ ಹೋಗುತ್ತಿದ್ದೆ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟಾಗ ಗಾಡಿ ಸಣ್ಣಗೆ ನಡುಗಿತು. ರಸ್ತೆಗೆ ಅಡ್ಡಡ್ಡ ಬಿಳಿ ಪಟ್ಟಿ ಬಳಿದಿರುತ್ತಾರಲ್ಲ, ಅದರ ಮೇಲೆ ಹೋದ ಹಾಗೆ. ಜೋರಾಗಿ ಒತ್ತಿದರೆ ನಡುಕ ಇಲ್ಲ. ಕಾಲು ತೆಗೆದರೂ ಇಲ್ಲ. ಮಧ್ಯದಲ್ಲಿ ಮಾತ್ರ.

ಒಬ್ಬರು ಇಂಜಿನ್ ಮೌಂಟ್ ಹೋಗಿದೆ ಎಂದರು. ಬದಲಾಯಿಸಿದೆ. ಇನ್ನೊಬ್ಬರು ಟೈರ್ ಬ್ಯಾಲೆನ್ಸ್ ಎಂದರು, ಅದನ್ನೂ ಮಾಡಿಸಿದೆ. ಬೆಂಗಳೂರಿನ ಒಂದು ವರ್ಕ್‌ಶಾಪಿನವರು ಗಾಡಿ ಎತ್ತಿಯೂ ನೋಡದೆ ಇಡೀ ಗೇರ್‌ಬಾಕ್ಸ್ ಬಿಚ್ಚಬೇಕು, 3.8 ಲಕ್ಷ ಎಂದರು. ಅಷ್ಟು ಹೊತ್ತಿಗೆ ಮನೆಯಲ್ಲಿ ಗಾಡಿ ಮಾರಿಬಿಡಿ ಅನ್ನುವ ಮಾತು ಶುರುವಾಗಿತ್ತು.

ನಮ್ಮ ಲಾರಿಗಳ ಕೆಲಸ ಮಾಡುವ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಈ ಥರದ ಗಾಡಿ ಅವರ ಕೆಲಸವಲ್ಲ. ಆದರೂ ಕೆಳಗೆ ಮಲಗಿ ನೋಡಿದರು. ಗೇರ್‌ಬಾಕ್ಸಿನ ತಳದಲ್ಲಿ ಆಯಿಲ್ ನಿಲ್ಲುವ ಪ್ಯಾನ್ ಅಂಚಿನಲ್ಲಿ ಆಯಿಲ್ ಜಿನುಗಿ ಧೂಳು ಮೆತ್ತಿತ್ತು. ಬೆರಳಿಗೆ ಹಚ್ಚಿಕೊಂಡು ನನ್ನ ಮೂಗಿನ ಹತ್ತಿರ ಹಿಡಿದರು. "ಸಾಹೇಬ್ರೆ, ಮೂಸಿ ನೋಡ್ರಿ. ಸುಟ್ಟ ವಾಸನೆ ಐತೋ ಇಲ್ವೋ? ಮೊದ್ಲು ಇದನ್ನ ಬದಲಾಯಿಸ್ರಿ, ಬಿಚ್ಚೋ ಮಾತು ಆಮೇಲೆ." ಆ ಮಾತಿಗೆ ನಾನು ಇವತ್ತಿಗೂ ಋಣಿ.

ಆಟೋಮ್ಯಾಟಿಕ್‌ನಲ್ಲಿ ಇಂಜಿನ್‌ಗೂ ಗೇರಿಗೂ ನಡುವೆ ಕಾಲಿನ ಕ್ಲಚ್ ಇಲ್ಲ, ಟಾರ್ಕ್ ಕನ್ವರ್ಟರ್ ಇದೆ. ಎದುರುಬದುರು ಇಟ್ಟ ಎರಡು ಫ್ಯಾನ್ ನೆನೆಸಿಕೊಳ್ಳಿ. ಒಂದು ತಿರುಗಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಇಲ್ಲಿ ಗಾಳಿಯ ಬದಲು ಆಯಿಲ್. ಆದರೆ ಹೀಗೆ ತಿರುಗಿಸುವಾಗ ಶಕ್ತಿ ಸ್ವಲ್ಪ ಸೋರಿಹೋಗುತ್ತದೆ. ಅದಕ್ಕೇ ವೇಗ ಹಿಡಿದ ಮೇಲೆ ಒಳಗೊಂದು ಸಣ್ಣ ಕ್ಲಚ್ ಎರಡನ್ನೂ ಕಚ್ಚಿ ಹಿಡಿಯುತ್ತದೆ, ಅದೇ ಲಾಕ್‌ಅಪ್. ಆಯಿಲ್ ಹಳತಾಗಿ ತೆಳುವಾದರೆ ಈ ಕ್ಲಚ್ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ನನಗೆ ಗೊತ್ತಾಗುತ್ತಿದ್ದ ನಡುಕ ಅದು. ಜಾರಿದಷ್ಟೂ ಅದರ ಲೈನಿಂಗ್ ಸವೆದು ಪುಡಿ ಆಯಿಲಿಗೆ ಬೆರೆಯುತ್ತದೆ. ಆ ಪುಡಿ ಹೋಗಿ ಗೇರ್ ಬದಲಿಸುವ ಸೊಲೆನಾಯ್ಡ್ ವಾಲ್ವ್‌ಗಳನ್ನು ಕಟ್ಟುತ್ತದೆ. ಆಮೇಲೆ ಖರ್ಚು ಕೈ ಮೀರುತ್ತದೆ.

ಹಾಗಾದರೆ ಆಯಿಲ್ ಯಾಕೆ ಯಾರೂ ಬದಲಾಯಿಸಿರಲಿಲ್ಲ? ಈ ಥರದ ಹೆಚ್ಚಿನ ಗಾಡಿಗಳಿಗೆ ಲೈಫ್‌ಟೈಮ್ ಆಯಿಲ್ ಎಂಬ ಹೆಸರು ಕೊಟ್ಟಿದ್ದಾರೆ. ಸರ್ವೀಸ್ ಪಟ್ಟಿಯಲ್ಲೇ ಅದು ಬರುವುದಿಲ್ಲ. ಡಿಪ್‌ಸ್ಟಿಕ್ ಕೂಡ ಇಲ್ಲ, ಎಳೆದು ನೋಡೋಣ ಎಂದರೂ ದಾರಿಯಿಲ್ಲ. ಆದರೆ ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ ಓಡಿಸುವ ರೀತಿ ನೋಡಿಕೊಂಡು 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಎನ್ನುತ್ತದೆ. ಚಿತ್ರದುರ್ಗದ ಬೇಸಿಗೆಯಲ್ಲಿ ಎರಡು ಟನ್ ದಾಟಿದ ಗಾಡಿ ಓಡಿಸುವ ನಮಗೆ ಆ ಕಡೆಯ ಅಂಕಿಗಿಂತ ಈ ಕಡೆಯ ಅಂಕಿಯೇ ಸರಿ. ಬಿಸಿ ಜಾಸ್ತಿಯಾದಷ್ಟು ಆಯಿಲ್ ಬೇಗ ಸಾಯುತ್ತದೆ. ನಾನು 60,000ಕ್ಕೇ ಬದಲಾಯಿಸುತ್ತೇನೆ.

2021ರ ಫೆಬ್ರವರಿಯಲ್ಲಿ, 79,000ದಲ್ಲಿ ಆ ಕೆಲಸ ಮಾಡಿಸಿದೆ. ಒಳಗಿರುವುದು ಸುಮಾರು 9 ಲೀಟರ್. ಪ್ಯಾನ್ ಬಿಚ್ಚಿದರೆ ಇಳಿಯುವುದು ಹೆಚ್ಚುಕಡಿಮೆ ಅರ್ಧ, ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತದೆ. ಹಾಗಾಗಿ ಒಂದು ಸಲ ಹಾಕಿ, 500 ಕಿಲೋಮೀಟರ್ ಓಡಿಸಿ, ಮತ್ತೆ ಇಳಿಸಿ ಹೊಸದು ಹಾಕಿಸಿದೆ. ಪ್ಯಾನ್ ಪ್ಲಾಸ್ಟಿಕ್‌ನದು, ಫಿಲ್ಟರ್ ಅದಕ್ಕೇ ಸೇರಿಕೊಂಡಿದೆ, ಇಡಿಯಾಗಿ ಬದಲಾಯಿಸಬೇಕು. ಆಯಿಲ್ ಮಟ್ಟ ನೋಡುವುದು ಇಂಜಿನ್ ಓಡುತ್ತಿರುವಾಗ, ಆಯಿಲ್ ಹೇಳಿದಷ್ಟೇ ಬಿಸಿ ಇದ್ದಾಗ. ಅದನ್ನು ಸ್ಕ್ಯಾನರ್ ಹಾಕಿ ನೋಡಬೇಕು, ಅಂದಾಜಿನ ಮೇಲೆ ತುಂಬಿಸುವವರಿಗೆ ಕೊಡಲೇಬೇಡಿ. ಎಲ್ಲಾ ಸೇರಿ 62,000 ರೂಪಾಯಿ ಆಯಿತು. ಇಳಿದ ಆಯಿಲ್ ನೋಡಿದೆ. ಕುದಿದು ಕುದಿದು ಉಳಿದ ಕಾಫಿ ಡಿಕಾಕ್ಷನ್‌ನಂತಿತ್ತು. ನಡುಕ ಮುಕ್ಕಾಲುಪಾಲು ಹೋಯಿತು, ಪೂರ್ತಿ ಹೋಗಲಿಲ್ಲ.

ಎರಡು ವರ್ಷ ನೆಮ್ಮದಿಯಿಂದ ಓಡಿತು. ಆ ಎರಡು ವರ್ಷ ಈ ಗಾಡಿ ಯಾಕೆ ಇಷ್ಟವೋ ಅದೂ ಗೊತ್ತಾಯಿತು. ಬೆಳಗ್ಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬಂದರೂ ಬೆನ್ನು ಮಾತಾಡುವುದಿಲ್ಲ. 2022ರಲ್ಲಿ ಮಾರಿಕಣಿವೆ 89 ವರ್ಷದ ನಂತರ ಕೋಡಿ ಬಿದ್ದಾಗ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪನಿಗೆ ಮಂಡಿ ನೋವು, ಆದರೂ ದಾರಿಯುದ್ದಕ್ಕೂ ಒಮ್ಮೆಯೂ ನಿಲ್ಲಿಸು ಅನ್ನಲಿಲ್ಲ.

2023ರ ಏಪ್ರಿಲ್, ಮೀಟರ್ 1,12,000. ಚಿತ್ರದುರ್ಗದಿಂದ ಬರುತ್ತಿದ್ದೆ. ಭರಮಸಾಗರ ದಾಟಿದ ಮೇಲೆ ದಡ್ ಅಂತ ಒಂದು ಏಟು. ಗಾಡಿ ಒಂದೇ ಗೇರಿಗೆ ಕಚ್ಚಿಕೊಂಡಿತು, ವೇಗ ಏರಲೇ ಇಲ್ಲ. ಗೇರ್‌ಬಾಕ್ಸ್ ತನ್ನನ್ನು ತಾನು ಉಳಿಸಿಕೊಳ್ಳಲು ಮಾಡುವ ಕೆಲಸ ಇದು, ಲಿಂಪ್ ಮೋಡ್ ಅಂತಾರೆ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಸರಿಹೋಯಿತು, ಐದು ಕಿಲೋಮೀಟರಿಗೆ ಮತ್ತೆ ಅದೇ. ಇನ್ನು ಓಡಿಸಬಾರದು ಎಂದು ನಿಲ್ಲಿಸಿದೆ.

ಹೈವೇ ಕ್ರೇನಿನ ಹುಡುಗ ಬಂದ. "ಮುಂದಿನ ಗಾಲಿ ಎತ್ತಿ ಎಳ್ಕೊಂಡು ಹೋಗ್ತೀನಿ ಸರ್, ಅರ್ಧ ಗಂಟೆ ಕೆಲಸ" ಎಂದ. ಬೇಡ ಎಂದೆ. ಗೇರ್‌ಬಾಕ್ಸಿನ ಆಯಿಲ್ ಪಂಪು ಓಡುವುದು ಇಂಜಿನ್ ಓಡಿದಾಗ ಮಾತ್ರ. ಇಂಜಿನ್ ಆಫ್ ಆಗಿರುವಾಗ ಹಿಂದಿನ ಗಾಲಿ ಉರುಳಿದರೆ ಒಳಗೆ ಎಲ್ಲಾ ಒಣಗಿ ಉಜ್ಜುತ್ತದೆ. ಎರಡು ಗಾಲಿ ಮೇಲೆ, ಎರಡು ಗಾಲಿ ನೆಲದ ಮೇಲೆ ಇದ್ದರೆ ಮುಂದಿನ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸೂ ಹಾಳು. ನಾಲ್ಕೂ ಗಾಲಿ ಮೇಲೆ ಹೋಗುವ ಫ್ಲಾಟ್‌ಬೆಡ್ಡೇ ಆಗಬೇಕು. ಮೂರು ಗಂಟೆ ಬಿಸಿಲಲ್ಲಿ ಕಾದೆ. ಆ ಮೂರು ಗಂಟೆ ನನಗೆ ಲಕ್ಷಗಟ್ಟಲೆ ಉಳಿಸಿತು ಎಂದು ಈಗಲೂ ನಂಬಿದ್ದೇನೆ. ಗಾಡಿಯನ್ನು ಹಾಗೇ ಬೆಂಗಳೂರಿಗೆ ಕಳಿಸಿದೆ, ಸಾಗಣೆಗೆ 14,000. ಟಾರ್ಕ್ ಕನ್ವರ್ಟರ್ ಬಿಚ್ಚಿ ಹೊಸ ಲೈನಿಂಗ್, ಸೀಲು, ಮತ್ತೆ ಆಯಿಲ್, ಕೂಲಿ ಸೇರಿ 1.7 ಲಕ್ಷ. ಆ ಸೊಲೆನಾಯ್ಡ್ ವಾಲ್ವ್‌ಗಳು ಕೂರುವ ಭಾಗ, ಅಂದರೆ ವಾಲ್ವ್ ಬಾಡಿ, ಕೆಟ್ಟಿರಲಿಲ್ಲ. 79,000ದಲ್ಲಿ ಆಯಿಲ್ ಬದಲಾಯಿಸದೇ ಇದ್ದಿದ್ದರೆ ಅದೂ ಹೋಗಿರುತ್ತಿತ್ತು ಎಂದು ಕೆಲಸ ಮಾಡಿದವರು ಹೇಳಿದರು.

ಆ ದಿನದಿಂದ 34,000 ಕಿಲೋಮೀಟರ್ ಆಗಿದೆ, ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ. ಟೈರ್ ವಿಷಯದಲ್ಲಿ ಮಾತ್ರ ನಾನೀಗ ಕಟ್ಟುನಿಟ್ಟು. ನಾಲ್ಕೂ ಒಂದೇ ಕಂಪನಿ, ಒಂದೇ ಸವೆತ. ಎರಡು ಹೊಸದು ಎರಡು ಹಳೇದು ಹಾಕಿದರೆ ಗಾಲಿಗಳ ಸುತ್ತಳತೆ ಬೇರೆಯಾಗಿ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಸದಾ ಜಾರುತ್ತಿರುತ್ತದೆ. ಅದರ ನಡುಕವನ್ನೂ ಜನ ಗೇರ್‌ಬಾಕ್ಸ್ ತೊಂದರೆ ಎಂದೇ ತಿಳಿಯುತ್ತಾರೆ.

ಕಳೆದ ವರ್ಷ ಅಕ್ಕನ ಮಗ ಇಂಥದ್ದೇ ಗಾಡಿ ನೋಡಿದ. ದೆಹಲಿಯಿಂದ ಬಂದದ್ದು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಎಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಹಾಗಾಗಿ ಆಗ ಅಲ್ಲಿನ ಗಾಡಿ ಇಲ್ಲಿ ಅಗ್ಗವಾಗಿತ್ತು. 55,000 ಮಾತ್ರ ಓಡಿದೆ ಮಾಮ, ಎಂದು ಖುಷಿಯಲ್ಲಿದ್ದ. ಸಿಟಿ ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡಿದ 55,000 ಗೇರ್‌ಬಾಕ್ಸಿಗೆ ನಮ್ಮ ಹೈವೇಯ ಲಕ್ಷಕ್ಕೆ ಸಮ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ನಾವೇ ಸ್ಟಾರ್ಟ್ ಮಾಡಿದೆವು. ಪಾರ್ಕಿಂಗ್‌ನಿಂದ ರಿವರ್ಸ್‌ಗೆ ಹಾಕಿದಾಗ ಎರಡು ಸೆಕೆಂಡ್ ತಡ, ಆಮೇಲೆ ಒಂದು ಗುದ್ದು. ಮುಕ್ಕಾಲು ಗಂಟೆ ಓಡಿಸಿ ಬಿಸಿ ಮಾಡಿಕೊಂಡೆವು. ಹೆಬ್ಬಾಳು ಟೋಲ್ ದಾಟಿ ಸರ್ವೀಸ್ ರಸ್ತೆಯಲ್ಲಿ 60ಕ್ಕೆ ಕಾಲು ಹಗುರ ಮಾಡಿದೆ. ಆರ್‌ಪಿಎಂ ಮುಳ್ಳು ಒಂದೇ ಕಡೆ ನಿಲ್ಲಬೇಕಿತ್ತು, ಮೇಲೆ ಕೆಳಗೆ ಆಡಿತು. ಪಕ್ಕದಲ್ಲಿ ಕೂತಿದ್ದ ಮಾರುವವನು ಆ ಕ್ಷಣಕ್ಕೇ ಮ್ಯೂಸಿಕ್ ಸಿಸ್ಟಮ್ ಜೋರು ಮಾಡಿದ.

ಗಾಡಿ ವಾಪಸ್ ಕೊಟ್ಟು ಬಂದೆವು. ನಾಲ್ಕು ತಿಂಗಳು ಹುಡುಕಿ ಅವನು ಹುಬ್ಬಳ್ಳಿಯಲ್ಲಿ ಇನ್ನೊಂದು ಕೊಂಡ. 1,08,000 ಓಡಿದ್ದು, ಎರಡು ಲಕ್ಷ ಜಾಸ್ತಿ ಬೆಲೆ. ಫೈಲಿನಲ್ಲಿ 82,000ಕ್ಕೆ ಗೇರ್‌ಬಾಕ್ಸ್ ಆಯಿಲ್, ಪ್ಯಾನ್ ಬದಲಾಯಿಸಿದ ಬಿಲ್ ಇತ್ತು. ಜೊತೆಗೆ ರಿಪೇರಿ ಬಂದರೆ ಇರಲಿ ಎಂದು ಮೂರು ಲಕ್ಷ ರೂಪಾಯಿ ಮುಟ್ಟದೆ ಬ್ಯಾಂಕಿನಲ್ಲಿ ಇಡಿಸಿದ್ದೇನೆ. ಅದನ್ನು ಇನ್ನೂ ತೆಗೆಯುವ ಕೆಲಸ ಬಂದಿಲ್ಲ.